ಒಂದು ಪ್ಯಾಕೆಟ್ ಲೆಕ್ಕ ಮೊದ್ಲು, ವೆಬ್‌ಸೈಟ್ ಆಮೇಲೆ

ತುಮಕೂರಲ್ಲಿ ಈಗ ಯಾವ ಬೀದಿಗೆ ಹೋದ್ರೂ ಆನ್‌ಲೈನಲ್ಲಿ ಏನಾದ್ರೂ ಮಾರ್ಬೇಕು ಅಂತ ಕನಸು ಕಾಣ್ತಿರೋರು ಒಬ್ರಾದ್ರೂ ಸಿಗ್ತಾರೆ. ಗಾಣದ ಕೊಬ್ಬರಿ ಎಣ್ಣೆ, ಹುಣಸೆಹಣ್ಣು, ಹುರಿಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ, ಹಪ್ಪಳ ಸಂಡಿಗೆ, ಸೀರೆ ಕುಚ್ಚು, ಆರಿ ವರ್ಕ್ ಬ್ಲೌಸು, ಹೀಗೆ. ಮಾಲು ಚೆನ್ನಾಗೇ ಇರುತ್ತೆ, ಅದ್ರಲ್ಲಿ ಎರಡು ಮಾತಿಲ್ಲ. ತೊಂದ್ರೆ ಇರೋದು ಶುರು ಮಾಡೋಕ್ ಮುಂಚೆನೇ ತಲೇಲಿ ಕೂತಿರೋ ಕೆಲವು ನಂಬಿಕೆಗಳಲ್ಲಿ, ಅವು ಬಂದಿರೋದು ಬಹುಪಾಲು ರೀಲ್ಸ್ ನೋಡಿ, ಇಲ್ಲಾಂದ್ರೆ ಕೋರ್ಸ್ ಮಾರೋರ ಬಾಯಿಂದ. ಅವನ್ನ ಒಂದೊಂದಾಗಿ ಪಕ್ಕಕ್ಕಿಟ್ಟು, ಯಾವ ಕೆಲ್ಸ ಮೊದ್ಲು ಮಾಡ್ಬೇಕು ಯಾವ್ದು ಆಮೇಲೆ ಅಂತ ಇಲ್ಲಿ ಬರೀತೀನಿ. ಉದಾಹರಣೆ ಎಲ್ಲ ತಿನ್ನೋ ಪದಾರ್ಥದ್ದೇ ಜಾಸ್ತಿ, ಯಾಕಂದ್ರೆ ನಮ್ಮ ಕಡೆ ಅದನ್ನೇ ಮಾರೋರು ಜಾಸ್ತಿ.

ಮೊದಲ್ನೇ ತಪ್ಪು ನಂಬಿಕೆ, ವೆಬ್‌ಸೈಟ್ ಇಲ್ದೆ ಬಿಸಿನೆಸ್ಸೇ ಇಲ್ಲ ಅನ್ನೋದು. ಯಾರೋ ಪರಿಚಯದ ಹುಡುಗನ ಹಿಡಿದು ಮೂವತ್ತು ಸಾವಿರ ಕೊಟ್ಟು ವೆಬ್‌ಸೈಟ್ ಮಾಡ್ಸಿ, ಲೋಗೋ ಮಾಡ್ಸಿ, ವಿಸಿಟಿಂಗ್ ಕಾರ್ಡ್ ಹೊಡ್ಸಿ, ಇಷ್ಟೆಲ್ಲಾ ಆದ್ಮೇಲೆ ಮಾಲು ಯಾರಿಗೆ ಮಾರೋದು ಅಂತ ಯೋಚ್ನೆ ಶುರುವಾಗುತ್ತೆ. ಹೊಸ ವೆಬ್‌ಸೈಟ್ ಅಂದ್ರೆ ಜನ ಓಡಾಡ್ದೇ ಇರೋ ಗಲ್ಲಿಯ ಕೊನೇಲಿ ಬೋರ್ಡಿಲ್ದೆ ಅಂಗಡಿ ಬಾಗಿಲು ತೆಗ್ದಂಗೆ, ನೀವಾಗಿ ಕರ್ಕೊಂಡು ಬಂದ್ರೆ ಮಾತ್ರ ಯಾರಾದ್ರೂ ಬರ್ತಾರೆ. ಶುರುವಿಗೆ ವಾಟ್ಸಾಪ್ ಬಿಸಿನೆಸ್ ಆ್ಯಪ್ ಸಾಕು. ಅದು ಫ್ರೀ, ಅದ್ರಲ್ಲೇ ಕ್ಯಾಟಲಾಗ್ ಹಾಕ್ಬಹುದು, ಬೆಲೆ ಹಾಕ್ಬಹುದು, ಆರ್ಡರ್‌ಗೆ ಲೇಬಲ್ ಹಾಕಿ ದುಡ್ಡು ಬಂತಾ ಪಾರ್ಸೆಲ್ ಹೋಯ್ತಾ ಅಂತ ನೋಡ್ಕೋಬಹುದು. ಜೊತೆಗೆ ಒಂದು ಯುಪಿಐ ಕ್ಯೂಆರ್, ಗೂಗಲ್ ಮ್ಯಾಪ್‌ನಲ್ಲಿ ಫ್ರೀ ಬಿಸಿನೆಸ್ ಪ್ರೊಫೈಲು. ಹಳೇ ಗಿರಾಕಿಗಳೇ ತಿಂಗಳು ತಿಂಗಳು ಆರ್ಡರ್ ಮಾಡ್ತಾ, ವಾಟ್ಸಾಪಲ್ಲಿ ಉತ್ತರ ಕೊಡೋಕೆ ಕೈ ಸೋಲೋ ಹಂತ ಬರುತ್ತಲ್ಲ, ಆಗ ವೆಬ್‌ಸೈಟ್ ಯೋಚ್ನೆ ಮಾಡಿ.

ಎರಡನೇದು, ಅತ್ತೆ, ಚಿಕ್ಕಮ್ಮ, ಆಫೀಸಿನೋರು ಎಲ್ರೂ ಸೂಪರ್ ಅಂದ್ರು ಅಂತ ಹೇಳಿ ಐವತ್ತು ಕೆಜಿ ಮಾಡಿಟ್ಕೊಳ್ಳೋದು. ಫ್ರೀಯಾಗಿ ಕೊಟ್ಟ ಚಟ್ನಿಪುಡಿಗೆ ಯಾರು ತಾನೇ ಚೆನ್ನಾಗಿಲ್ಲ ಅಂತಾರೆ. ಪರೀಕ್ಷೆ ಮಾಡೋದು ಹಿಂಗೆ: ನಿಮ್ಗೆ ಪರಿಚಯ ಇಲ್ದಿರೋ ಜನಕ್ಕೆ ಪೂರ್ತಿ ಬೆಲೆಗೆ ಒಂದಿಪ್ಪತ್ತು ಪ್ಯಾಕೆಟ್ ಮಾರಿ, ಫ್ರೆಂಡಿನ ಫ್ರೆಂಡ್ ಆಗ್ಲಿ, ಅಪಾರ್ಟ್‌ಮೆಂಟ್ ಗ್ರೂಪಲ್ಲಿರೋರಾಗ್ಲಿ, ಆಮೇಲೆ ಸುಮ್ನೆ ಕಾಯಿರಿ. ಅವರಾಗೇ ಎರಡನೇ ಸಲ ಮೆಸೇಜ್ ಮಾಡಿದ್ರಾ ಇಲ್ವಾ ಅನ್ನೋದೊಂದೇ ಮುಖ್ಯ, ಹೊಗಳಿಕೆಯ ಸ್ಕ್ರೀನ್‌ಶಾಟ್ ಅಲ್ಲ.

ಇಲ್ಲೇ ಇನ್ನೊಂದು ವಿಷ್ಯ, ಇದನ್ನ ಯಾವ ಕೋರ್ಸಲ್ಲೂ ಹೇಳಲ್ಲ. ನಮ್ಮೋರೆಲ್ಲ ಅಂದ್ಕೊಳ್ಳೋದು ಬೆಂಗಳೂರಲ್ಲಿ ಇರೋ ತುಮಕೂರಿನೋರೇ ನಮ್ಮ ಗಿರಾಕಿಗಳು ಅಂತ. ಆದ್ರೆ ಅವರು ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ಇದ್ದಾರೆ, ಹಬ್ಬಕ್ಕೋ ವೀಕೆಂಡಿಗೋ ಊರಿಗೆ ಬಂದೇ ಬರ್ತಾರೆ, ವಾಪಸ್ ಹೋಗುವಾಗ ಅವರಮ್ಮ ಬ್ಯಾಗ್ ತುಂಬ ಕೊಬ್ಬರಿ, ಹುಣಸೆಹಣ್ಣು, ಹುರಿಹಿಟ್ಟು ಎಲ್ಲಾ ತುಂಬಿ ಕಳಿಸ್ತಾರೆ. ಆ ಬ್ಯಾಗಿನ ಜೊತೆ ನೀವು ಬೆಲೇಲೂ ಗೆಲ್ಲಕ್ಕಾಗಲ್ಲ, ರುಚೀಲೂ ಗೆಲ್ಲಕ್ಕಾಗಲ್ಲ. ನಿಮ್ಮ ಗಿರಾಕಿ ಬೇರೆ: ಊರಿನ ನಂಟು ಕಡ್ಕೊಂಡೋರು, ಊರಲ್ಲಿ ಮಾಡಿಕೊಡೋರು ಇಲ್ದೇ ಇರೋರು, ಹುಬ್ಳಿ ಮಂಗಳೂರು ಕಡೆ ಟ್ರಾನ್ಸ್‌ಫರ್ ಆಗಿ ಹೋಗಿರೋರು, ಹುಚ್ಚೆಳ್ಳು ಅಂದ್ರೇನು ಅಂತ್ಲೇ ಗೊತ್ತಿಲ್ದೆ ಹೊಸ್ದಾಗಿ ರುಚಿ ನೋಡೋಕೆ ಬಂದಿರೋರು. ಇವ್ರಿಗೆ ಬರೆಯೋ ವಿವರಣೆನೇ ಬೇರೆ ಥರ ಇರ್ಬೇಕು, ಇದನ್ನ ರೊಟ್ಟಿ ಜೊತೆ ತಿಂತಾರಾ ಅನ್ನದ ಜೊತೆ ತಿಂತಾರಾ ಅನ್ನೋದನ್ನೂ ಬರೀಬೇಕು.

ಈಗ ಲೆಕ್ಕ. ಇದು ಸ್ವಲ್ಪ ಉದ್ದ ಆಗುತ್ತೆ, ಆದ್ರೆ ಇದೊಂದು ಭಾಗ ಬಿಟ್ಟು ಬೇರೆ ಎಲ್ಲಾ ಓದಿದ್ರೂ ಪ್ರಯೋಜನ ಇಲ್ಲ.

ಕಾಲ್ ಕೆಜಿ ಹುಚ್ಚೆಳ್ಳು ಚಟ್ನಿಪುಡಿ ತಗೊಳ್ಳಿ. ನಾನು ಹಾಕ್ತಿರೋ ರೇಟು ಬರೀ ಉದಾಹರಣೆಗೆ, ನಿಮ್ಮದು ನೀವು ಹಾಕ್ಕೊಳ್ಳಿ. ಹುಚ್ಚೆಳ್ಳು, ಮೆಣಸಿನಕಾಯಿ, ಬೆಳ್ಳುಳ್ಳಿ, ಗ್ಯಾಸು, ಮಿಲ್ಲು, ನಿಮ್ಮ ಕೂಲಿ ಎಲ್ಲಾ ಸೇರಿ 75 ರೂಪಾಯಿ ಅಂತಿಟ್ಕೊಳ್ಳಿ. ಕೂಲಿ ಹಾಕ್ದೇ ಬಿಡ್ಬೇಡಿ, ಮನೆಯೋರೇ ಮಾಡೋದು ಅಂತ ಸೊನ್ನೆ ಬರೆದ್ರೆ ನಾಳೆ ಒಬ್ರನ್ನ ಕೆಲ್ಸಕ್ಕೆ ಇಟ್ಕೊಂಡ ದಿನ ಲಾಭ ಎಲ್ಲಾ ಆವಿ ಆಗುತ್ತೆ. ಜಿಪ್ ಪೌಚು, ಲೇಬಲ್ 8 ರೂಪಾಯಿ. ರಟ್ಟಿನ ಡಬ್ಬ, ಟೇಪು 14. ಇಲ್ಲಿಗೆ 97 ಆಯ್ತು. ಅರ್ಧ ಕೆಜಿ ಸ್ಲ್ಯಾಬಿಗೆ, ಅಂದ್ರೆ ಅರ್ಧ ಕೆಜಿವರೆಗಿನ ತೂಕಕ್ಕೆ, ಕೊರಿಯರ್ 60, ಒಟ್ಟು 157. ಫ್ರೀ ಡೆಲಿವರಿ ಅಂತ ಹಾಕಿ 199ಕ್ಕೆ ಮಾರಿದ್ರೆ ಕೈಲಿ ಉಳಿಯೋದು 42. ಪರವಾಗಿಲ್ವಲ್ಲ ಅನ್ಸುತ್ತೆ.

ಈಗ ಕ್ಯಾಶ್ ಆನ್ ಡೆಲಿವರಿ ಕೊಟ್ರಿ ಅಂತಿಟ್ಕೊಳ್ಳಿ. ಹತ್ತು ಪಾರ್ಸೆಲಲ್ಲಿ ಎರಡು ವಾಪಸ್ ಬಂತು, ಒಬ್ರು ಫೋನ್ ಎತ್ಲಿಲ್ಲ, ಇನ್ನೊಬ್ರು ನಾನ್ ಆರ್ಡರೇ ಮಾಡಿಲ್ಲ ಅಂದ್ರು. ಎಂಟು ಸರಿಯಾಗಿ ಹೋಗಿದ್ದಕ್ಕೆ 336 ರೂಪಾಯಿ ಲಾಭ. ವಾಪಸ್ ಬಂದ ಒಂದೊಂದಕ್ಕೂ ಹೋಗೋ ಚಾರ್ಜ್ 60, ಬರೋ ಚಾರ್ಜ್ 50, ಮೇಲೆ ಮಾಲಿನ 97, ಯಾಕಂದ್ರೆ ಹತ್ತು ದಿನ ಗೋಡೌನಲ್ಲಿ ತಿರುಗಿ ಬಂದ ತಿನ್ನೋ ಪದಾರ್ಥನ ಇನ್ನೊಬ್ರಿಗೆ ಕಳಿಸೋಕಾಗಲ್ಲ, ಮನೇಲೇ ತಿನ್ಬೇಕು. ಒಂದಕ್ಕೆ 207, ಎರಡಕ್ಕೆ 414. ಅಂದ್ರೆ ಹತ್ತು ಆರ್ಡರ್ ಬಂದ ಖುಷೀಲಿ ನೀವು 78 ರೂಪಾಯಿ ಕಳ್ಕೊಂಡಿದೀರ. ಆರ್ಡರ್ ಜಾಸ್ತಿ ಆದ್ರೆ ಲಾಭ ತಾನಾಗೇ ಬರುತ್ತೆ ಅನ್ನೋ ಮಾತು ಎಷ್ಟು ಅಪಾಯ ನೋಡಿ, ಈ ಲೆಕ್ಕದಲ್ಲಿ ನೂರು ಆರ್ಡರ್ ಆದ್ರೆ 780 ಹೋಗುತ್ತೆ ಅಷ್ಟೆ.

ಅದೇ ಮೂರು ಪ್ಯಾಕೆಟ್ ಒಟ್ಟಿಗೆ, ಪ್ರೀಪೇಯ್ಡ್ ಮಾತ್ರ, ಅಂದ್ರೆ ದುಡ್ಡು ಮೊದ್ಲೇ ಬರ್ಬೇಕು ಅಂತ ಮಾಡಿ. ಮಾಲು 225, ಪೌಚು ಲೇಬಲು 24, ಸ್ವಲ್ಪ ದೊಡ್ಡ ಡಬ್ಬ 18, ಒಂದು ಕೆಜಿ ಸ್ಲ್ಯಾಬ್ ಕೊರಿಯರ್ 90. ಒಟ್ಟು 357. ಪ್ಯಾಕೆಟಿಗೆ 180ರಂತೆ 540ಕ್ಕೆ ಕೊಟ್ರೆ ಗಿರಾಕಿಗೂ ಕಡಿಮೆ ಆಯ್ತು, ನಿಮ್ಗೂ ಒಂದು ಪಾರ್ಸೆಲಿಗೆ 183 ಉಳೀತು. ಮಾಲು ಅದೇ, ಕೈ ಅದೇ, ಬದಲಾಗಿದ್ದು ಕಟ್ಟೋ ರೀತಿ ಮಾತ್ರ. ಅದಕ್ಕೇ ನಾನು ಹೇಳೋದು, ಬೇರೆ ಏನು ಮಾಡೋಕ್ ಮುಂಚೇನೂ ಒಂದು ಪಾರ್ಸೆಲ್ ಲೆಕ್ಕ ಪೇಪರಲ್ಲಿ ಬರೀರಿ, ಅದು ಕೂಡಿ ಬರ್ಲಿಲ್ಲ ಅಂದ್ರೆ ಸೈಜ್ ಬದಲಾಯ್ಸಿ, ಇಲ್ಲಾ ಕಾಂಬೊ ಮಾಡಿ, ಇಲ್ಲಾ ಆ ಮಾಲೇ ಬಿಡಿ. ಅದೇ ಮಾಲು ಊರಲ್ಲೇ ಅಂಗಡಿಗೆ ಹಾಕಿದ್ರೆ ಜಾಸ್ತಿ ಉಳಿಯುತ್ತೆ ಅಂತಾದ್ರೆ ಅಂಗಡಿಗೇ ಹಾಕಿ, ನಾಚ್ಕೊಳ್ಳೋದೇನಿದೆ.

ಕೊರಿಯರ್ ವಿಷ್ಯದಲ್ಲಿ ಇನ್ನೊಂದು. ತೂಕ ಅಂದ್ರೆ ತಕ್ಕಡೀಲಿ ಬರೋ ತೂಕ ಮಾತ್ರ ಅಂತ ತುಂಬ ಜನ ತಿಳ್ಕೊಂಡಿದಾರೆ. ಕೊರಿಯರ್‌ನೋರು ಡಬ್ಬದ ಅಳತೆ ಲೆಕ್ಕಾನೂ ಹಾಕ್ತಾರೆ, ಉದ್ದ ಅಗಲ ಎತ್ತರ ಮೂರನ್ನೂ ಸೆಂಟಿಮೀಟರಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸ್ತಾರೆ, ಎರಡರಲ್ಲಿ ಯಾವ್ದು ಜಾಸ್ತಿನೋ ಅದಕ್ಕೆ ದುಡ್ಡು. ಸಂಡಿಗೆ ಪುಡಿ ಆಗದೇ ಇರ್ಲಿ ಅಂತ 30 ಉದ್ದ 20 ಅಗಲ 20 ಎತ್ತರದ ಡಬ್ಬದಲ್ಲಿ ಅರ್ಧ ಕೆಜಿ ಹಾಕಿದ್ರೆ ಬಿಲ್ ಬೀಳೋದು 2.4 ಕೆಜಿಗೆ. ಹಾಗಾಗಿ ಡಬ್ಬ ಕೊಂಡ್ಕೊಂಡು ಆಮೇಲೆ ಮಾಲು ತುಂಬೋದಲ್ಲ, ಮಾಲಿಗೆ ತಕ್ಕ ಡಬ್ಬ ಹುಡುಕ್ಬೇಕು. ಎಣ್ಣೆ ಕಳಿಸೋರಿಗೆ ಇನ್ನೂ ಕಷ್ಟ, ಮುಚ್ಚಳದ ಕೆಳಗೆ ಬಾಟಲಿ ಬಾಯಿಗೆ ಅಂಟೋ ಇಂಡಕ್ಷನ್ ಸೀಲ್ ಇಲ್ದೆ ಕಳಿಸಿದ್ರೆ ಸೋರಿ ಬೇರೆಯವರ ಪಾರ್ಸೆಲೂ ಹಾಳಾಗುತ್ತೆ, ವಿಮಾನದಲ್ಲಿ ಹೋಗೋ ಪಾರ್ಸೆಲಲ್ಲಿ ದ್ರವ ಪದಾರ್ಥಕ್ಕೆ ತಕರಾರೂ ಇರುತ್ತೆ, ಬುಕ್ ಮಾಡೋಕ್ ಮುಂಚೆ ಕೇಳ್ಕೊಳ್ಳಿ. ಹಳ್ಳಿ ಪಿನ್‌ಕೋಡಿಗೆ ಪ್ರೈವೇಟ್ ಕೊರಿಯರ್ ಹೋಗದೇ ಇರೋ ಕಡೆ ಅಂಚೆ ಕಚೇರಿನೇ ಗತಿ, ರಿಜಿಸ್ಟರ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರ್ಕೊಂಡಿದೆ, ಕೌಂಟರಲ್ಲಿ ಹೋಗಿ ಸ್ಪೀಡ್ ಪೋಸ್ಟ್ ಅಂತ್ಲೇ ಕೇಳಿ. ತೆಂಗಿನಕಾಯಿ, ಹತ್ತಾರು ಕೆಜಿ ಹುಣಸೆಹಣ್ಣು ಥರ ಭಾರದ್ದು ರಾಜ್ಯದೊಳಗೇ ಕಳಿಸೋದಾದ್ರೆ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ ರೇಟೂ ಒಂದ್ಸಲ ವಿಚಾರ್ಸಿ, 2021ರಿಂದ ಇದೆ, ಆದ್ರೆ ಗಿರಾಕಿ ಬಸ್ ಸ್ಟ್ಯಾಂಡಿಗೆ ಬಂದು ತಗೊಂಡು ಹೋಗೋಕೆ ಒಪ್ಪಬೇಕು.

ದೊಡ್ಡ ಶಾಪಿಂಗ್ ಆ್ಯಪ್‌ಗಳಲ್ಲಿ ಹಾಕಿದ್ರೆ ಕೋಟಿ ಗಟ್ಲೆ ಜನ ನೋಡ್ತಾರೆ, ಮಾಲು ಅದಾಗೇ ಹೋಗುತ್ತೆ ಅನ್ನೋದೂ ಹಂಗೇ. ಕೋಟಿ ಜನ ಇರೋದು ನಿಜ, ಅದೇ ಕೊಬ್ಬರಿ ಎಣ್ಣೆ ಹಾಕಿರೋ ಸಾವಿರಾರು ಜನ ಮಾರೋರೂ ಅಲ್ಲೇ ಇದಾರೆ, ಹೊಸಬರ ಲಿಸ್ಟಿಂಗ್ ಹತ್ತನೇ ಪೇಜಲ್ಲಿ ಬಿದ್ದಿರುತ್ತೆ, ಮೇಲೆ ಬರ್ಬೇಕು ಅಂದ್ರೆ ಜಾಹೀರಾತಿಗೆ ದುಡ್ಡು. ಸೊನ್ನೆ ಕಮಿಷನ್ ಅಂತ ಇದ್ರೂ ಶಿಪ್ಪಿಂಗು, ರಿಟರ್ನು, ಫಿಕ್ಸೆಡ್ ಫೀ ಅಂತ ಬೇರೆ ಬೇರೆ ಹೆಸರಲ್ಲಿ ಕಟ್ ಆಗ್ತಾನೇ ಇರುತ್ತೆ, ಆ ಫೀಸುಗಳ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಜಿಎಸ್‌ಟಿ ಇರೋರಿಗೆ ಮಾರಿದ ದುಡ್ಡಲ್ಲಿ ಅರ್ಧ ಪರ್ಸೆಂಟ್ ಟಿಸಿಎಸ್, ಅಂದ್ರೆ ಆ್ಯಪ್‌ನೋರೇ ಮುಂಚೆ ವಸೂಲಿ ಮಾಡೋ ತೆರಿಗೆ, ಹಿಡೀತಾರೆ, ಅದು ನಷ್ಟ ಅಲ್ಲ, ನಿಮ್ಮ ಜಿಎಸ್‌ಟಿ ಕ್ಯಾಶ್ ಲೆಡ್ಜರಿಗೆ ಬರುತ್ತೆ, ಕ್ಲೇಮ್ ಮಾಡೋದು ಮರೀಬೇಡಿ. ನನ್ ಅಭಿಪ್ರಾಯ ಕೇಳಿದ್ರೆ ಬೇಗ ಹಾಳಾಗದೇ ಇರೋ, ಒಂದೇ ಥರ ಇರೋ ಮಾಲಿಗೆ ಆ್ಯಪ್ ಸರಿ, ಆರಿ ವರ್ಕ್ ಥರ ಒಬ್ಬೊಬ್ಬರಿಗೂ ಬೇರೆ ಬೇರೆ ಮಾಡಿಕೊಡೋದಕ್ಕೆ ವಾಟ್ಸಾಪೇ ಸರಿ.

ಜಿಎಸ್‌ಟಿ ಬಗ್ಗೆ ಎರಡು ಕಡೆಯಿಂದಲೂ ತಪ್ಪು ತಿಳುವಳಿಕೆ ಇದೆ. ಒಬ್ರು 40 ಲಕ್ಷದವರೆಗೂ ಏನೂ ಬೇಡ ಬಿಡಿ ಅಂತಾರೆ, ಇನ್ನೊಬ್ರು ಜಿಎಸ್‌ಟಿ ಇಲ್ದೆ ಆನ್‌ಲೈನಲ್ಲಿ ಒಂದು ಸೂಜೀನೂ ಮಾರಂಗಿಲ್ಲ ಅಂತಾರೆ. ನಿಜ ಮಧ್ಯದಲ್ಲಿದೆ. ನಮ್ಮ ರಾಜ್ಯದಲ್ಲಿ ಬರೀ ವಸ್ತು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸರ್ವೀಸ್ ಕೊಡೋರಿಗೆ 20 ಲಕ್ಷದವರೆಗೆ ರಿಜಿಸ್ಟ್ರೇಷನ್ ಬೇಡ, ಮತ್ತೆ ಇದು ವಹಿವಾಟು, ಲಾಭ ಅಲ್ಲ. ಆದ್ರೆ ತೆರಿಗೆ ಬೀಳೋ ವಸ್ತುನ ಹೊರ ರಾಜ್ಯಕ್ಕೆ ಮಾರಿದ್ರೆ ಈ ಮಿತಿ ಲೆಕ್ಕಕ್ಕೆ ಬರಲ್ಲ, ಮೊದಲ್ನೇ ಪಾರ್ಸೆಲಿಂದ್ಲೇ ರಿಜಿಸ್ಟ್ರೇಷನ್ ಬೇಕು, ಕೆಲವು ಕರಕುಶಲ ವಸ್ತುಗಳಿಗೆ ಮಾತ್ರ ವಿನಾಯ್ತಿ. ಪಾವಗಡ, ಮಧುಗಿರಿ, ಗೌರಿಬಿದನೂರು ಕಡೆಯೋರು ಇದನ್ನ ಎರಡು ಸಲ ಓದ್ಕೊಳ್ಳಿ: ನಿಮ್ಗೆ ಪಕ್ಕದಲ್ಲೇ ಇರೋ ಹಿಂದೂಪುರ ಆಂಧ್ರ, ಅಲ್ಲಿಗೆ ಹೋಗೋ ಪಾರ್ಸೆಲ್ ಹೊರ ರಾಜ್ಯದ್ದು, ಅದೇ ದಿನಗಟ್ಲೆ ಪ್ರಯಾಣ ಮಾಡೋ ಬೀದರ್ ಪಾರ್ಸೆಲ್ ಒಳ ರಾಜ್ಯದ್ದು. ಮುಳಬಾಗಿಲು, ಬಾಗೇಪಲ್ಲಿ ಕಡೆ ಅಂತೂ ಗಿರಾಕಿಗಳು ಅರ್ಧ ಆಚೆ ಕಡೆಯೋರೇ ಇರ್ತಾರೆ.

ಆ್ಯಪ್‌ಗಳಲ್ಲಿ ಮಾರೋಕೆ ಮೊದ್ಲು ಎಲ್ರಿಗೂ ಜಿಎಸ್‌ಟಿ ಕಡ್ಡಾಯ ಇತ್ತು. 2023ರ ಅಕ್ಟೋಬರ್ 1ರಿಂದ ಮಿತಿಯೊಳಗಿರೋ ಸಣ್ಣೋರು ವಸ್ತುಗಳನ್ನ ಸ್ವಂತ ರಾಜ್ಯದೊಳಗೆ ಮಾತ್ರ ಮಾರೋದಾದ್ರೆ ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲಲ್ಲಿ ಎನ್‌ರೋಲ್‌ಮೆಂಟ್ ನಂಬರ್ ತಗೊಂಡು ಮಾರ್ಬಹುದು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಸುಮ್ನೆ ರಿಜಿಸ್ಟ್ರೇಷನ್ ಮಾಡ್ಸಿ, ವ್ಯಾಪಾರ ಇರ್ಲಿ ಬಿಡ್ಲಿ ರಿಟರ್ನ್ ಫೈಲ್ ಮಾಡ್ತಾ, ತಡ ಆದ್ರೆ ಲೇಟ್ ಫೀ ಕಟ್ತಾ ಕೂತಿರ್ತಾರೆ.

2025ರ ಜುಲೈಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯೋರಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸ್ ಬಂದು ರಾಜ್ಯ ಎಲ್ಲಾ ಗಲಾಟೆ ಆಗಿದ್ದು ನೆನಪಿರ್ಬೇಕು. ಆವತ್ತಿಂದ ಯುಪಿಐ ತಗೊಂಡ್ರೆ ತೆರಿಗೆ, ಕ್ಯಾಶ್ ತಗೊಂಡ್ರೆ ಇಲ್ಲ ಅಂತ ಒಂದು ಹೊಸ ನಂಬಿಕೆ ಹುಟ್ಕೊಂಡಿದೆ. ಹಂಗೇನಿಲ್ಲ, ಕ್ಯಾಶೂ ವಹಿವಾಟೇ. ನೀವು ಮಾಡ್ಬೇಕಾಗಿರೋದು ಒಂದೇ, ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ ಇಡಿ. ತಮ್ಮ ಕಳಿಸಿದ ದುಡ್ಡು, ಚೀಟಿ ದುಡ್ಡು, ಬಾಡಿಗೆ ಎಲ್ಲಾ ಅದೇ ಕ್ಯೂಆರಿಗೆ ಬಂದ್ರೆ ನಾಳೆ ಯಾವ್ದು ವ್ಯಾಪಾರ ಯಾವ್ದು ಅಲ್ಲ ಅಂತ ಬಿಡಿಸಿ ತೋರಿಸೋಕೆ ನಿಮ್ಗೇ ಆಗಲ್ಲ.

ಮನೇಲಿ ಮಾಡಿದ್ದಕ್ಕೆ ಲೈಸೆನ್ಸ್ ಯಾಕೆ ಅನ್ನೋರಿಗೆ: ತಿನ್ನೋ ಪದಾರ್ಥ ಮಾರೋರು ಮನೆ ಅಡುಗೆಮನೇಲಿ ಮಾಡಿದ್ರೂ ಎಫ್‌ಎಸ್‌ಎಸ್‌ಎಐ, ಅಂದ್ರೆ ಕೇಂದ್ರದ ಆಹಾರ ಸುರಕ್ಷತೆ ಪ್ರಾಧಿಕಾರದ ನೋಂದಣಿ ಬೇಕು. ಸಣ್ಣೋರಿಗೆ ಬೇಸಿಕ್ ರಿಜಿಸ್ಟ್ರೇಷನ್, ಅವರ ಫೋಸ್ಕಾಸ್ ಪೋರ್ಟಲಲ್ಲಿ ನೀವೇ ಅರ್ಜಿ ಹಾಕ್ಬಹುದು, ಸರ್ಕಾರಿ ಫೀಸ್ ತುಂಬ ಕಡಿಮೆ, ಮಧ್ಯದೋರು ಕೇಳೋ ಸಾವಿರಾರು ರೂಪಾಯಿ ಅವರ ಜೇಬಿಗೆ. ಬರೋ 14 ಅಂಕಿ ನಂಬರ್ ಪ್ಯಾಕೆಟ್ ಮೇಲೆ ಇರ್ಬೇಕು. ಜೊತೆಗೆ ಮಾಡಿದೋರ ಹೆಸ್ರು ವಿಳಾಸ, ಏನೇನ್ ಹಾಕಿದೀರ, ನಿವ್ವಳ ತೂಕ, ಎಂಆರ್‌ಪಿ, ತಯಾರಾದ ದಿನ, ಎಷ್ಟು ದಿನ ಬಾಳಿಕೆ, ದೂರು ಹೇಳೋಕೆ ನಂಬರು. ಇನ್ನೊಂದು ಎಚ್ಚರಿಕೆ, ಹುರಿಹಿಟ್ಟಿನ ಪ್ಯಾಕೆಟ್ ಮೇಲೆ ಶುಗರ್ ವಾಸಿ ಆಗುತ್ತೆ ಅಂತೆಲ್ಲಾ ಬರೀಬೇಡಿ, ರೀಲ್ಸಲ್ಲೂ ಹೇಳ್ಬೇಡಿ. ಮಧುಮೇಹ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋದು 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಲೇ ತಪ್ಪು, ವಾಟ್ಸಾಪ್ ಸ್ಟೇಟಸ್ ಅಂತ ವಿನಾಯ್ತಿ ಏನಿಲ್ಲ.

ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸ್ರು ಬರೆಸೋ ಉದ್ಯಮ್ ನೋಂದಣಿ ಪೂರ್ತಿ ಫ್ರೀ, 2020ರಿಂದ ಇದೆ, ಸರ್ಕಾರದ ಪೋರ್ಟಲಲ್ಲಿ ಆಧಾರ್, ಪ್ಯಾನ್ ಇದ್ರೆ ಮನೇಲೇ ಕೂತು ಮಾಡ್ಬಹುದು. ಅದೇ ಥರ ಕಾಣೋ ಪ್ರೈವೇಟ್ ಸೈಟ್‌ಗಳು ದುಡ್ಡು ಕೇಳ್ತವೆ, ಕೊಡ್ಬೇಡಿ.

ಬಂಡವಾಳನೇ ಬೇಡ, ಮನೇಲೇ ಕೂತು ತಿಂಗಳಿಗೆ ಲಕ್ಷ ಅನ್ನೋ ಕೋರ್ಸುಗಳ ಬಗ್ಗೆ ಜಾಸ್ತಿ ಬರಿಯಲ್ಲ. ಅವರ ಬಿಸಿನೆಸ್ಸೇ ಕೋರ್ಸ್ ಮಾರೋದು. ಕೋರ್ಸಿಗೆ ಸೇರೋಕ್ ಮುಂಚೆ ಅವರ ಅಂಗಡಿ ಯಾವ್ದು ತೋರ್ಸಿ ಅಂತ ಕೇಳಿ, ಅಲ್ಲಿಂದ ಏನಾದ್ರೂ ಒಂದು ಆರ್ಡರ್ ಮಾಡಿ ನೋಡಿ. ಬಂಡವಾಳ ಬೇಕೇ ಬೇಕು, ಕಡಿಮೆ ಸಾಕು ಅಷ್ಟೆ: ಮೊದಲ ಸುತ್ತಿನ ಮಾಲು, ಡಬ್ಬ, ತೂಕದ ಮಷೀನು, ಲೇಬಲ್ಲು, ಮತ್ತೆ ಒಂದೆರಡು ತಿಂಗಳು ದುಡ್ಡು ವಾಪಸ್ ಬರ್ಲಿಲ್ಲ ಅಂದ್ರೂ ಮನೆ ನಡಿಯೋಷ್ಟು ಬೇರೆ ಆದಾಯ. ಸರ್ಕಾರ ದುಡ್ಡು ಕೊಡುತ್ತಂತೆ ಅಂತ ಕಾಯ್ಕೊಂಡು ಕೂರೋರೂ ಇದಾರೆ. ಆಹಾರ ಸಂಸ್ಕರಣೆಗೆ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆನೇ ತಗೊಳ್ಳಿ, ಕೇಂದ್ರದ ನಿಯಮದಲ್ಲಿ ಯೋಜನಾ ವೆಚ್ಚದ 35 ಪರ್ಸೆಂಟ್, ಗರಿಷ್ಠ 10 ಲಕ್ಷ ಸಬ್ಸಿಡಿ, ಆದ್ರೆ ಅದು ಬ್ಯಾಂಕ್ ಸಾಲದ ಜೊತೆ ಬರೋದು, ನಿಮ್ಮ ಕೈಯಿಂದ್ಲೂ 10 ಪರ್ಸೆಂಟ್ ಹಾಕ್ಬೇಕು. ಅಂದ್ರೆ ಸಾಲ ಸಾಲಾನೇ. ಮಷೀನ್ ತಗೊಳ್ಳೋ ಮಟ್ಟಕ್ಕೆ ಬಂದ್ಮೇಲೆ ಕೃಷಿ ಇಲಾಖೆ ಆಫೀಸಲ್ಲಿ ಅರ್ಜಿ ತಗೊಳ್ತಿದಾರಾ ಅಂತ ವಿಚಾರ್ಸಿ, ಅದಕ್ಕೂ ಮುಂಚೆ ಬೇಡ.

ಫಾಲೋವರ್ಸ್ ಬಗ್ಗೆ ಒಂದೇ ಮಾತು, ಹತ್ತು ಸಾವಿರ ಜನ ರೀಲ್ಸ್ ನೋಡಿ ಹಾರ್ಟ್ ಒತ್ತಿದ್ರೆ ಅಕ್ಕಿ ಬರಲ್ಲ, ಇನ್ನೂರು ಜನ ಹಳೇ ಗಿರಾಕಿಗಳ ನಂಬರ್ ಇರೋ ಒಂದು ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟ್ ಇದ್ರೆ ಬರುತ್ತೆ. ಯಾರು ಏನು ಯಾವಾಗ ತಗೊಂಡ್ರು ಅಂತ ಒಂದು ನೋಟ್‌ಬುಕ್ಕಲ್ಲಿ ಬರ್ದಿಡಿ, ಪ್ಯಾಕೆಟ್ ಖಾಲಿ ಆಗೋ ಹೊತ್ತಿಗೆ ಒಂದು ಮೆಸೇಜ್ ಹಾಕಿ. ದಿನಾ ಗುಡ್ ಮಾರ್ನಿಂಗ್ ಹಾಕಿದ್ರೆ ಬ್ಲಾಕ್ ಮಾಡ್ತಾರೆ.

ಮೋಸ ಆಗೋದು ಕೊಳ್ಳೋರಿಗೆ ಮಾತ್ರ ಅಂತಾನೂ ಅಂದ್ಕೋಬೇಡಿ. ಮಿಲಿಟರಿ ಆಫೀಸರ್ ಮಾತಾಡ್ತಿರೋದು, ಕ್ಯಾಂಟೀನಿಗೆ ನೂರು ಕೆಜಿ ಬೇಕು, ಅಡ್ವಾನ್ಸ್ ಕಳಿಸ್ತೀವಿ ಈ ಕ್ಯೂಆರ್ ಸ್ಕ್ಯಾನ್ ಮಾಡಿ ಅಂತ ಫೋನ್ ಬಂದ್ರೆ ಅಲ್ಲೇ ಕಟ್ ಮಾಡಿ. ದುಡ್ಡು ಬರೋದಕ್ಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಸ್ಕ್ರೀನ್‌ಶಾಟ್ ನೋಡಿ ಪಾರ್ಸೆಲ್ ಕಳಿಸ್ಬೇಡಿ, ಬ್ಯಾಂಕ್ ಆ್ಯಪಲ್ಲಿ ದುಡ್ಡು ಬಿದ್ದಿದ್ಯಾ ನೋಡಿ ಕಳ್ಸಿ. ದುಡ್ಡು ಹೋದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೊನೇದಾಗಿ ಹೆಸ್ರು. ಇನ್‌ಸ್ಟಾಗ್ರಾಮಲ್ಲಿ ಪೇಜ್ ಮಾಡ್ಕೊಂಡ ಕೂಡ್ಲೇ, ಉದ್ಯಮ್ ಸರ್ಟಿಫಿಕೇಟ್ ಬಂದ ಕೂಡ್ಲೇ ಆ ಹೆಸ್ರು ನಮ್ದಾಯ್ತು ಅಂತ ತಿಳ್ಕೊತಾರೆ. ಆಗಲ್ಲ, ಅದಕ್ಕೆ ಟ್ರೇಡ್‌ಮಾರ್ಕ್, ಅಂದ್ರೆ ಬ್ರ್ಯಾಂಡ್ ಹೆಸರಿನ ನೋಂದಣಿ, ಬೇರೆ ಮಾಡ್ಸಬೇಕು. ಸಿದ್ಧಗಂಗಾ, ದೇವರಾಯನದುರ್ಗ, ನಂದಿ, ಶಿವಗಂಗೆ ಅಂತ ಊರು ಬೆಟ್ಟದ ಹೆಸ್ರು ಇಟ್ಕೊಂಡೋರು ಎಷ್ಟು ಜನ ಇದಾರೋ, ಅಂಥ ಹೆಸ್ರು ನಿಮ್ಗೊಬ್ರಿಗೇ ಸಿಗೋದು ಕಷ್ಟ, ಹಾಗಾಗಿ ಸ್ವಲ್ಪ ಬೇರೆ ಥರದ್ದು ಹುಡುಕಿ. ಟ್ರೇಡ್‌ಮಾರ್ಕ್ ವೆಬ್‌ಸೈಟಲ್ಲಿ ಫ್ರೀಯಾಗಿ ಸರ್ಚ್ ಮಾಡ್ಬಹುದು, ಮಾಲನ್ನ ಅಲ್ಲಿ ಕ್ಲಾಸ್ ಅಂತ ಗುಂಪು ಮಾಡಿರ್ತಾರೆ, ಚಟ್ನಿಪುಡಿ ಮಸಾಲೆ ಹಿಟ್ಟು ಕ್ಲಾಸ್ 30ರಲ್ಲಿ ಬರುತ್ತೆ, ಅಡುಗೆ ಎಣ್ಣೆ ಕ್ಲಾಸ್ 29ರಲ್ಲಿ. ಒಬ್ಬ ವ್ಯಕ್ತಿಯಾಗಿ ಆನ್‌ಲೈನಲ್ಲಿ ಅರ್ಜಿ ಹಾಕಿದ್ರೆ ಒಂದು ಕ್ಲಾಸಿಗೆ ಸರ್ಕಾರಿ ಫೀಸ್ 4500, ಸಿಕ್ರೆ ಹತ್ತು ವರ್ಷ. ಅರ್ಜಿ ಹಾಕಿರುವಾಗ ಹೆಸರಿನ ಪಕ್ಕ ಟಿಎಂ ಹಾಕ್ಕೋಬಹುದು, ವೃತ್ತದೊಳಗಿನ ಆರ್ ಚಿಹ್ನೆ ರಿಜಿಸ್ಟರ್ ಆದ್ಮೇಲೆ ಮಾತ್ರ. ಇಷ್ಟು ದುಡ್ಡು ಮೊದಲ್ನೇ ತಿಂಗಳೇ ಖರ್ಚು ಮಾಡಿ ಅಂತ ಹೇಳ್ತಿಲ್ಲ, ಸರ್ಚ್ ಮಾತ್ರ ಮೊದ್ಲೇ ಮಾಡಿ, ಐದು ಸಾವಿರ ಪೌಚ್ ಪ್ರಿಂಟ್ ಹಾಕ್ಸಿದ್ಮೇಲೆ ಅಲ್ಲ. ಶುರುವಿನ ಪ್ಯಾಕೆಟ್‌ಗಳಿಗೆ ಪ್ಲೇನ್ ಪೌಚ್ ಮೇಲೆ ಅಂಟಿಸೋ ಲೇಬಲ್ಲೇ ಸಾಕು, ಹೆಸ್ರು ಬದಲಾಯ್ಸಬೇಕಾಗಿ ಬಂದ್ರೂ ಹೋಗೋದು ಒಂದು ಶೀಟ್ ಸ್ಟಿಕ್ಕರ್ ಅಷ್ಟೆ.